ಗಿಟ್ ಟೆಸ್ಟ್‌ಗಳ ಶೆಲ್ ಫಂಕ್ಷನ್ ಪರಿಶೀಲನೆ: ಕಣ್ಣಿಡಬೇಕಾದ್ದು ಎಲ್ಲಿ?

ಮುಳ್ಳೇರಿಯದಿಂದ, ಪ್ರಶ್ನೆ:

ಕೋಡ್‌ನ ಬದಲಾವಣೆಗಳ ಲೆಕ್ಕವಿಡುವ ಗಿಟ್‌ನ ಒಂದು ಟೆಸ್ಟ್ ಸ್ಕ್ರಿಪ್ಟ್‌ಗೆ ಮೂರು ಹೊಸ ಸಹಾಯಕ ಫಂಕ್ಷನ್ ಸೇರಿಸುವ ಪ್ಯಾಚ್ (ಬದಲಾವಣೆಯ ಪ್ರಸ್ತಾಪ) ಪರಿಶೀಲನೆಗೆ ಬಂದಿದೆ. ಮೊದಲನೆಯದು ಕಮಾಂಡ್ ಸೋತಿತೇ ಎಂದು ನೋಡುತ್ತದೆ. ಎರಡನೆಯದು ಎರರ್ ಫೈಲ್‌ನಲ್ಲಿ ಒಂದು ಸಾಲು ಇಲ್ಲವೆಂದು ಖಚಿತಪಡಿಸುತ್ತದೆ. ಮೂರನೆಯದು ಕನ್ನಡ ಹೆಸರಿನ ಫೈಲ್ ಮಾಡಿ ಕಮಿಟ್ ಮಾಡುತ್ತದೆ, ಅಂದರೆ ಗಿಟ್‌ನಲ್ಲಿ ದಾಖಲಿಸುತ್ತದೆ. ಎಲ್ಲ ಟೆಸ್ಟ್‌ಗಳೂ ಪಾಸ್. ಶೆಲ್ ಗೊತ್ತು, ಪರಿಶೀಲನೆ ಹೊಸತು. ಏನೇನು ನೋಡಬೇಕು?

ಬದಿಯಡ್ಕದಿಂದ:

ಪಾಸ್ ಆಗಿದೆ ಎಂಬುದನ್ನು ಸದ್ಯಕ್ಕೆ ಲೆಕ್ಕಕ್ಕೇ ಹಿಡಿಯಬೇಡಿ. ಅಡಿಕೆ ಸುಲಿಯದೆ ಚಾಲಿ ಎಷ್ಟು, ಪಟೋರ ಎಷ್ಟು ಎಂದು ಹೇಳಲಾಗುವುದಿಲ್ಲವಲ್ಲ, ಇದೂ ಹಾಗೆಯೇ.

ಗಿಟ್‌ನಲ್ಲಿ ಚೈನ್‌ಲಿಂಟ್ ಎಂಬ ಕಾವಲುಗಾರ ಇದೆ. ಹಿಂದಿನ ಕಮಾಂಡ್ ಗೆದ್ದರೆ ಮಾತ್ರ ಮುಂದಿನದನ್ನು ಓಡಿಸುವ && ಗುರುತು ಟೆಸ್ಟಿನ ಒಳಗೆ ಎಲ್ಲಾದರೂ ಬಿಟ್ಟುಹೋದರೆ ಹಿಡಿಯುತ್ತದೆ. ಆದರೆ ಅದು ನೋಡುವುದು ಟೆಸ್ಟ್_ಎಕ್ಸ್‌ಪೆಕ್ಟ್_ಸಕ್ಸೆಸ್‌ನಂಥ, ಟೆಸ್ಟ್ ಓಡಿಸುವ ಫಂಕ್ಷನ್‌ಗಳಿಗೆ ಕೊಟ್ಟ ಭಾಗವನ್ನು ಮಾತ್ರ. ಹೊರಗೆ ಬರೆದ ಫಂಕ್ಷನ್‌ನ ಒಳಗೆ ಇಣುಕುವುದಿಲ್ಲ. ಅಲ್ಲಿ ಒಂದು && ತಪ್ಪಿದರೆ ಮೊದಲ ಕಮಾಂಡ್ ಸೋತರೂ ಕೊನೆಯ ಸಾಲಿನ ಫಲಿತಾಂಶವೇ ಹೊರಗೆ ಬರುತ್ತದೆ. ಆ ಫಂಕ್ಷನ್ ಕರೆಯುವ ಪ್ರತಿಯೊಂದು ಟೆಸ್ಟೂ ಸುಳ್ಳು ಹೇಳತೊಡಗುತ್ತದೆ. ಆದ್ದರಿಂದ ಸಾಲುಸಾಲಾಗಿ ಕಣ್ಣಿನಿಂದಲೇ ನೋಡಬೇಕು. ಫಾರ್ ಲೂಪ್ ಇದ್ದರೆ ಒಳಗಿನ ಕಮಾಂಡ್‌ನ ಕೊನೆಗೆ || ರಿಟರ್ನ್ 1 ಬೇಕು, ಸಬ್‌ಶೆಲ್ (ಬೇರೆಯಾಗಿ ಓಡುವ ಒಳ ಶೆಲ್) ಆದರೆ || ಎಗ್ಸಿಟ್ 1. ಇಲ್ಲದಿದ್ದರೆ ಲೂಪ್‌ನ ಕೊನೆಯ ಸುತ್ತು ಗೆದ್ದರೆ ಸಾಕು, ಹಿಂದಿನ ಸೋಲೆಲ್ಲ ಮಾಯ.

ಗಿಟ್ ಕಮಾಂಡನ್ನು ಪೈಪ್‌ನ ಎಡಕ್ಕೆ ಇಟ್ಟಿದ್ದರೂ ಒಪ್ಪಬೇಡಿ. ಒಂದರ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕೊಡುವ ಪೈಪ್‌ನಲ್ಲಿ ಉಳಿಯುವುದು ಬಲತುದಿಯ ಕಮಾಂಡ್‌ನ ಎಗ್ಸಿಟ್ ಕೋಡ್ (ಗೆಲುವಿಗೆ 0, ಸೋಲಿಗೆ ಬೇರೆ ಅಂಕಿ) ಮಾತ್ರ. ಔಟ್‌ಪುಟ್ ಫೈಲ್‌ಗೆ ಹೋಗಲಿ, ಆಮೇಲೆ ಅದರಲ್ಲಿ ಸಾಲು ಹುಡುಕುವ ಗ್ರೆಪ್.

ಮಂಜೇಶ್ವರದಿಂದ:

ಮೊದಲನೆಯ ಫಂಕ್ಷನ್ ಬಗ್ಗೆ. ಒಳಗೆ ಸೋಲು-ಗೆಲುವನ್ನು ತಿರುಗಿಸುವ ಗುರುತನ್ನಷ್ಟೇ ಇಟ್ಟು ಬರೀ ! ಗಿಟ್ ಎಂದು ಬರೆದಿದ್ದರೆ ಅದು ತಪ್ಪು. ಗಿಟ್ ತಾನಾಗಿ ಕಾರಣ ಹೇಳಿ ನಿಂತಾಗ ಸಾಮಾನ್ಯವಾಗಿ 128 ಕೊಡುತ್ತದೆ. ಸೆಗ್ಮೆಂಟೇಶನ್ ಫಾಲ್ಟ್ (ಮೆಮೊರಿ ದೋಷ, ಸಿಗ್ನಲ್ 11) ಆಗಿ ಬಿದ್ದರೆ ಶೆಲ್‌ಗೆ ಕಾಣುವುದು 128 + 11, ಅಂದರೆ 139. ಬರೀ ! ಗುರುತಿಗೆ ಎರಡೂ ಒಂದೇ. ಅದರ ಬದಲು ಬಳಸಬೇಕಾದ, ಗಿಟ್ ಟೆಸ್ಟ್‌ಗಳದ್ದೇ ಆದ ಟೆಸ್ಟ್_ಮಸ್ಟ್_ಫೇಲ್ ಸಿಗ್ನಲ್‌ನಿಂದ ಸತ್ತದ್ದನ್ನೂ, 127 ಬಂದ ‘ಕಮಾಂಡ್ ಸಿಗಲಿಲ್ಲ’ವನ್ನೂ ಬೇರೆ ಮಾಡಿ ಟೆಸ್ಟನ್ನು ಸೋಲಿಸುತ್ತದೆ. ಟೆಸ್ಟ್‌ನಂಥ ಸಿಸ್ಟಂ ಕಮಾಂಡ್‌ಗಳಿಗೆ ಮಾತ್ರ ! ಸಾಕು.

ಟೆಸ್ಟ್_ಮಸ್ಟ್_ಫೇಲ್‌ನ ಎಡಕ್ಕೆ ವೇರಿಯೇಬಲ್ ಅಂಟಿಸಿದ್ದಾರೆಯೇ ಎಂದೂ ನೋಡಿ. ಅದು ಒಂದು ಫಂಕ್ಷನ್. ಫಂಕ್ಷನ್‌ನ ಎಡಕ್ಕೆ ಕೊಟ್ಟ ಬೆಲೆ ಕೆಲವು ಶೆಲ್‌ಗಳಲ್ಲಿ ಆ ಸಾಲು ಮುಗಿದ ಮೇಲೂ ಉಳಿದು ಮುಂದಿನ ಟೆಸ್ಟನ್ನು ಕೆಡಿಸುತ್ತದೆ. ಟೆಸ್ಟ್_ಮಸ್ಟ್_ಫೇಲ್ ಆದ ಮೇಲೆ ಎನ್‌ವಿ ಬರೆದು, ಆಮೇಲೆ ವೇರಿಯೇಬಲ್ ಇಡಬೇಕು.

ಪೆರ್ಲದಿಂದ:

ಬ್ಯಾಶ್‌ಗಿಂತ ಚಿಕ್ಕ ಶೆಲ್ ಆದ ಡ್ಯಾಶ್‌ನಲ್ಲಿ ಓಡಿಸದೆ ಸರಿ ಎನ್ನಬೇಡಿ ಮಾರಾಯ್ರೆ. ನಮ್ಮ ಶಾಲೆಗಳಿಗೆ ಕೇರಳದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್ ಕೊಟ್ಟ ಲ್ಯಾಪ್‌ಟಾಪ್ ಹತ್ತಿರದಲ್ಲಿದ್ದರೆ ಅದೇ ಸಾಕು: ಅದರಲ್ಲಿರುವುದು ಉಬುಂಟು ಆಧಾರಿತ ಲಿನಕ್ಸ್, ಎಸ್‌ಎಚ್ ಎಂದರೆ ಅಲ್ಲಿ ಡ್ಯಾಶ್.

ಫಂಕ್ಷನ್‌ನ ಒಳಗಷ್ಟೇ ಇರುವ ವೇರಿಯೇಬಲ್ ಘೋಷಿಸುವ ಲೋಕಲ್ ಸಾಲುಗಳನ್ನು ಒಂದೊಂದಾಗಿ ನೋಡಿ. ಉದ್ಧರಣ ಚಿಹ್ನೆ ಇಲ್ಲದೆ $1 (ಫಂಕ್ಷನ್‌ಗೆ ಕೊಟ್ಟ ಮೊದಲ ಬೆಲೆ) ಕೊಟ್ಟರೆ ಹಳೆಯ ಡ್ಯಾಶ್ ಅದನ್ನು ಖಾಲಿ ಜಾಗದಲ್ಲಿ ತುಂಡು ಮಾಡುತ್ತದೆ. ಗಿಟ್‌ನ ಟೆಸ್ಟ್ ಓಡುವ ‘ಟ್ರ್ಯಾಶ್ ಡೈರೆಕ್ಟರಿ’ಯ ಹೆಸರಿನಲ್ಲೇ ಬೇಕೆಂದು ಒಂದು ಖಾಲಿ ಜಾಗ ಇಟ್ಟಿದ್ದಾರೆ, ಇಂಥದ್ದು ಸಿಕ್ಕಿಬೀಳಲಿ ಎಂದು. ಲೋಕಲ್ ಸಾಲಿನಲ್ಲೇ ಗಿಟ್ ಕಮಾಂಡ್ ಓಡಿಸಿ ಬೆಲೆ ತುಂಬಿದರೆ ಗಿಟ್ ಸೋತದ್ದು ತಿಳಿಯುವುದೇ ಇಲ್ಲ, ಏಕೆಂದರೆ ಉಳಿಯುವುದು ಲೋಕಲ್‌ನದ್ದೇ ಸೊನ್ನೆ. ಘೋಷಣೆ ಒಂದು ಸಾಲು, ಬೆಲೆ ಇನ್ನೊಂದು ಸಾಲು.

ಟೆಸ್ಟ್ ಮುಗಿದ ಮೇಲೆ ಸ್ವಚ್ಛ ಮಾಡಿಸುವ ಟೆಸ್ಟ್_ವೆನ್_ಫಿನಿಶ್ಡ್ ಸಬ್‌ಶೆಲ್‌ನ ಒಳಗಿದ್ದರೆ ಸ್ವಚ್ಛತೆ ಆಗುವುದೇ ಇಲ್ಲ. ಬ್ಯಾಶ್‌ನಲ್ಲಿ ಗಿಟ್ ಅದನ್ನು ಕಂಡು ಕೂಗುತ್ತದೆ, ಡ್ಯಾಶ್‌ನಲ್ಲಿ ಸದ್ದಿಲ್ಲ. ಆದ್ದರಿಂದ ಎರಡರಲ್ಲೂ ಓಡಿಸಿ. ಟೆಸ್ಟ್ ಮುಗಿಯುವವರೆಗೆ ಮಾತ್ರ ಸೆಟ್ಟಿಂಗ್ ಇಡುವ ಟೆಸ್ಟ್_ಕಾನ್ಫಿಗ್ ಇದ್ದರೂ ಅದೇ ಮಾತು, ಒಳಗೆ ಅದು ಟೆಸ್ಟ್_ವೆನ್_ಫಿನಿಶ್ಡನ್ನೇ ಕರೆಯುತ್ತದೆ.

ಕುಂಬಳೆಯಿಂದ:

ಮೂರನೆಯ ಫಂಕ್ಷನ್ ನಮ್ಮ ಭಾಷೆಯದ್ದು, ಅದಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿ. ಫೈಲ್ ಹೆಸರು ‘ಕಾಸರಗೋಡು’ ಎಂದಿಟ್ಟುಕೊಳ್ಳೋಣ. ಇಂಥ ಅಕ್ಷರಗಳನ್ನು ಬೈಟ್ ಅಂಕಿಗಳಾಗಿ ತೋರಿಸುವ ಗಿಟ್‌ನ ಕೋರ್.ಕೋಟ್‌ಪಾತ್ ಸೆಟ್ಟಿಂಗ್ ಮೂಲದಲ್ಲಿ ಆನ್ ಇರುವುದರಿಂದ ಗಿಟ್‌ನ ಫೈಲ್ ಪಟ್ಟಿ ಕೊಡುವ ಎಲ್‌ಎಸ್-ಫೈಲ್ಸ್‌ನಲ್ಲಿ ಕನ್ನಡ ಕಾಣುವುದಿಲ್ಲ; ‘ಕ’ ಒಂದೇ \340\262\225 ಆಗಿ ಬರುತ್ತದೆ. ನಿರೀಕ್ಷಿತ ಫೈಲ್‌ನಲ್ಲಿ ಕನ್ನಡ ಬರೆದಿದ್ದರೆ ಕೋಟ್‌ಪಾತ್ ಆಫ್ ಮಾಡಿರಬೇಕು, ಅಥವಾ ಸಾಲುಗಳನ್ನು ಶೂನ್ಯ ಬೈಟ್‌ನಿಂದ ಬೇರ್ಪಡಿಸುವ ಜೆಡ್ ಆಯ್ಕೆ ಕೊಟ್ಟಿರಬೇಕು.

ಇನ್ನೊಂದು ಗಂಟು ‘ಗೋ’ದಲ್ಲಿದೆ. ಅದರ ಸ್ವರಚಿಹ್ನೆ ಯೂನಿಕೋಡ್‌ನಲ್ಲಿ ಒಂದೇ ಅಕ್ಷರವಾಗಿಯೂ ಇರಬಹುದು, ಆಗ 3 ಬೈಟ್; ಬಿಡಿಸಿದರೆ ಮೂರು ತುಂಡು, 9 ಬೈಟ್. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಹೆಸರನ್ನು ಬಿಡಿಸಿಯೇ ಇಡುತ್ತದೆ. ಡೈರೆಕ್ಟರಿಯ ಪಟ್ಟಿ ಕೊಡುವ ಸಿಸ್ಟಂ ಕಮಾಂಡ್ ಎಲ್‌ಎಸ್‌ನ ಔಟ್‌ಪುಟ್ಟನ್ನು ಎರಡು ಫೈಲ್ ಹೋಲಿಸುವ ಟೆಸ್ಟ್_ಸಿಎಂಪಿಗೆ ಕೊಟ್ಟರೆ ಪರದೆಯ ಮೇಲೆ ಎರಡೂ ‘ಕಾಸರಗೋಡು’ ಎಂದೇ ಕಂಡರೂ ಹೋಲಿಕೆ ಸೋಲುತ್ತದೆ. ‘ಮಂಜೇಶ್ವರ’ದ ‘ಜೇ’ ಕೂಡ ಹೀಗೆಯೇ ಒಡೆಯುತ್ತದೆ. ‘ಬದಿಯಡ್ಕ’ದಂಥ ಹೆಸರಿನಲ್ಲಿ ಈ ತೊಂದರೆ ಇಲ್ಲ. ಹೆಸರು ಬದಲಿಸಿ ತಪ್ಪಿಸಿಕೊಳ್ಳಿ ಎನ್ನುತ್ತಿಲ್ಲ: ಬಿಡಿಸುವ ರೂಪವನ್ನೇ ಪರೀಕ್ಷಿಸಬೇಕಿದ್ದರೆ ‘ಕಾಸರಗೋಡು’ ಇರಲೇಬೇಕು, ಆದರೆ ಎಲ್‌ಎಸ್ ಬದಲು ಗಿಟ್‌ನ ಔಟ್‌ಪುಟ್ ಹೋಲಿಸಲಿ. ಅಲ್ಲದಿದ್ದರೆ ‘ಬದಿಯಡ್ಕ’ ಸಾಕು.

ಪ್ರಿಂಟ್‌ಎಫ್‌ನಲ್ಲಿ ಬೈಟ್‌ಗಳನ್ನು ಹದಿನಾರರ ಅಂಕಿಗಳಲ್ಲಿ ಕೊಟ್ಟಿದ್ದರೆ ಡ್ಯಾಶ್‌ಗೆ ಅರ್ಥವಾಗುವುದಿಲ್ಲ. ಮೂರಂಕಿಯ ಆಕ್ಟಲ್ ಬೇಕು. ಕಮಿಟ್‌ನ ಹ್ಯಾಶ್ (ಗುರುತಿನ ಸಂಖ್ಯೆ) ನೇರವಾಗಿ ಬರೆದಿದ್ದರೆ ತೆಗೆಸಿ; ಹ್ಯಾಶ್ ಮಾಡುವ ವಿಧಾನದೊಂದಿಗೆ ಅದು ಬದಲಾಗುತ್ತದೆ. ಎಸ್‌ಎಚ್‌ಎ-1ರಲ್ಲಿ ಅದು 40 ಅಕ್ಷರ, ಎಸ್‌ಎಚ್‌ಎ-256ರಲ್ಲಿ 64.

ಮುಳ್ಳೇರಿಯದಿಂದ:

ಎರಡನೆಯ ಫಂಕ್ಷನ್‌ನಲ್ಲಿ ಬರೀ ! ಗ್ರೆಪ್ ಇದೆ. ಗಿಟ್ ಬರೆಯುವುದು ‘ಎರರ್’ ಎಂಬ ಫೈಲ್‌ಗೆ, ಗ್ರೆಪ್ ಹುಡುಕುವುದು ‘ಎರರ್ಸ್’ನಲ್ಲಿ.

ಬದಿಯಡ್ಕದಿಂದ:

ಫೈಲೇ ಇಲ್ಲದಿದ್ದರೆ ಗ್ರೆಪ್ 2 ಕೊಡುತ್ತದೆ, ! ಅದನ್ನು ಗೆಲುವಾಗಿ ತಿರುಗಿಸುತ್ತದೆ. ಪಾಸ್ ಆಗುತ್ತಿದ್ದುದು ಹೀಗೆ. ‘ಟೆಸ್ಟ್_ಗ್ರೆಪ್ ! ಬಳಸಿ, ಫೈಲ್ ಇಲ್ಲದಿದ್ದರೆ ಅದು ದೋಷವೆಂದು ಹೇಳಿ ನಿಲ್ಲುತ್ತದೆ’ ಎಂದು ಆ ಸಾಲಿನ ಕೆಳಗೇ ಬರೆಯಿರಿ. ಹೆಸರು ಸರಿಯಾದ ಮೇಲೆ ಇರಬಾರದ ಸಾಲನ್ನು ಕೈಯಾರೆ ಆ ಫೈಲ್‌ಗೆ ಸೇರಿಸಿ ಮತ್ತೆ ಓಡಿಸಲು ಹೇಳಿ. ಈ ಸಲ ಟೆಸ್ಟ್ ಸೋಲಬೇಕು.