ಒಂದೇ ‘ಶನ್’, ನಾಲ್ಕು ಬರವಣಿಗೆ

ಇಂಗ್ಲೆಂಡಿನ ಶಾಲೆಗಳಲ್ಲಿ ‘ಇಯರ್ 3’ ಮತ್ತು ‘ಇಯರ್ 4’ ತರಗತಿಗಳ (ಏಳರಿಂದ ಒಂಬತ್ತು ವರ್ಷ ವಯಸ್ಸಿನ) ಮಕ್ಕಳಿಗೆ ಕಲಿಸುವ ಸ್ಪೆಲ್ಲಿಂಗ್‌ಗಳಲ್ಲಿ ಕೊನೆಗೆ ‘ಶನ್’ ಎಂದು ಕೇಳಿಸುವ ಪದಗಳೂ ಸೇರಿವೆ. ಕಳೆದ ವಾರ ನನ್ನ ಮಗಳು ‘ಮ್ಯುಸಿಶನ್’ ಪದದ ಕೊನೆಗೆ ಟಿ-ಐ-ಓ-ಎನ್ ಬರೆದಾಗ, ನಮ್ಮ ಕಾಲದ ಪದ್ಧತಿಯಂತೆ ನಾನು ಅದನ್ನು ಹತ್ತು ಸಲ ಬರೆಸಿದೆ. ಮರುದಿನ ಅವಳು ‘ಎಲೆಕ್ಟ್ರಿಶನ್’ ಪದಕ್ಕೂ ಅದೇ ಬಾಲವನ್ನು ಅಂಟಿಸಿ ತಂದಳು.

ನುಡಿದಂತೆ ಬರೆದು ಬೆಳೆದ ನಾವು ಮಕ್ಕಳಿಗೆ ‘ಸರಿಯಾಗಿ ಉಚ್ಚರಿಸು, ತಾನಾಗಿಯೇ ಬರುತ್ತದೆ’ ಎನ್ನುತ್ತೇವೆ. ಇಲ್ಲಿ ಆ ಮಾತು ನಡೆಯುವುದಿಲ್ಲ, ಕೇಳಬೇಕಾದುದು ಮೂಲಪದವನ್ನು. ಪ್ರತ್ಯಯವೆಂಬುದು ವಾಸ್ತವವಾಗಿ ಐ-ಓ-ಎನ್ ಅಥವಾ ಐ-ಎ-ಎನ್ ಮಾತ್ರ. ಅದರ ಹಿಂದಿನ ಅಕ್ಷರದ ಸುಳಿವು ಬಹುಮಟ್ಟಿಗೆ ಮೂಲಪದದ ಕೊನೆಯಲ್ಲಿಯೇ ಇರುತ್ತದೆ. ‘ಆ್ಯಕ್ಟ್’ ಟಿಯಿಂದ ಮುಗಿಯುವುದರಿಂದ ‘ಆ್ಯಕ್ಷನ್’ನಲ್ಲಿ ಟಿ ಉಳಿಯುತ್ತದೆ, ‘ಎಕ್ಸ್‌ಪ್ರೆಸ್’ನ ಎರಡು ಎಸ್‌ಗಳು ‘ಎಕ್ಸ್‌ಪ್ರೆಶನ್’ನಲ್ಲಿಯೂ ಇವೆ, ‘ಪರ್ಮಿಟ್’ನಂತೆ ‘ಮಿಟ್’ ಎಂದು ಕೊನೆಯಾಗುವವೂ ಎರಡು ಎಸ್ ಪಡೆಯುತ್ತವೆ, ‘ಎಕ್ಸ್‌ಪ್ಯಾಂಡ್’ನಂತೆ ಡಿಯಿಂದ ಮುಗಿಯುವವು ಸಾಮಾನ್ಯವಾಗಿ ಒಂದೇ ಎಸ್ ಪಡೆಯುತ್ತವೆ. ‘ಮ್ಯೂಸಿಕ್’ನ ಸಿ ಮಾತ್ರ ಬಾಯಲ್ಲಿ ‘ಕ’ದಿಂದ ‘ಶ’ಕ್ಕೆ ತಿರುಗಿದರೂ ಕಾಗದದ ಮೇಲೆ ಹಾಗೆಯೇ ಕುಳಿತಿರುತ್ತದೆ.

ಈ ಕೊನೆಯದನ್ನು ಮಗಳಿಗೆ ತಿಳಿಸಲು ನೆರವಾದದ್ದು ಕನ್ನಡವೇ. ಬಳೆ ಮಾರುವವನು ಬಳೆಗಾರ, ಗಾಣ ಆಡಿಸುವವನು ಗಾಣಿಗ. ಹಾಗೆಯೇ ಮ್ಯೂಸಿಕ್, ಮ್ಯಾಜಿಕ್, ಎಲೆಕ್ಟ್ರಿಕ್ ಪದಗಳಿಗೆ ಆ ಕೆಲಸದವರನ್ನು ಹೇಳುವ ಪ್ರತ್ಯಯ ಸೇರಿದೆ ಎಂದಾಗ, ಅವಳು ತಾನಾಗಿಯೇ ‘ಪಾಲಿಟಿಶನ್’ ಪದವನ್ನು ಸಿ ಹಾಕಿ ಬರೆದಳು.

ಒಂದು ಕಡೆ ಮಾತ್ರ ಮಕ್ಕಳ ಕಿವಿಯನ್ನೇ ನಂಬುವುದು ಲೇಸು. ‘ಟೆಲಿವಿಷನ್’, ‘ಡಿಸಿಷನ್’ ಪದಗಳ ಕೊನೆಯಲ್ಲಿ ಇಲ್ಲಿನವರು ನುಡಿಯುವ ಗುಂಯ್ಗುಡುವ ಧ್ವನಿಗೆ ಕನ್ನಡದಲ್ಲಿ ಅಕ್ಷರವಿಲ್ಲ. ನಾವು ಅದನ್ನೂ ‘ಷ’ ಎಂದೇ ಓದಿಬಿಡುತ್ತೇವೆ. ಆ ಧ್ವನಿ ಕೇಳಿಸಿದರೆ ಸಾಧಾರಣವಾಗಿ ಎಸ್-ಐ-ಓ-ಎನ್ ಎಂದೇ ಬರೆಯಬೇಕು. ಆದ್ದರಿಂದ ಈ ಪದಗಳ ಉಕ್ತಲೇಖನವನ್ನು ನಾನು ಕೊಡದೆ, ಅವಳೇ ಹೇಳಿಕೊಂಡು ಬರೆಯಲು ಬಿಟ್ಟಿದ್ದೇನೆ.

‘ಅಟೆಂಡ್ ಡಿಯಿಂದ ಮುಗಿದರೂ ಅಟೆನ್ಶನ್‌ಗೆ ಟಿ ಏಕೆ ಅಮ್ಮಾ?’ ಎಂದು ಅವಳು ಕೇಳಿದಳು. ಲ್ಯಾಟಿನ್‌ನ ಮೂಲರೂಪದಲ್ಲಿಯೇ ಟಿ ಇತ್ತು ಎಂದೆ. ಅದು ಅವಳಿಗೆ ಒಪ್ಪಿಗೆಯಾಗಲಿಲ್ಲ. ‘ಅಟೆನ್ಶನ್’, ‘ಇಂಟೆನ್ಶನ್’ ಎರಡನ್ನೂ ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾಳೆ.