ಪುಟ್ಟಿ ಕೇಳಿದ್ದಕ್ಕೆ ಅತ್ತೆಯ ಉತ್ತರ

ಪುಟ್ಟಿ, ಬೆಳಗ್ಗೆ ಗ್ರೂಪಲ್ಲಿ ನೀನು ಹಾಕಿದ್ದು ಓದಿದೆ. ನಾಲ್ಕು ವರ್ಷ ಮೆಕ್ಯಾನಿಕಲ್ ಕೆಲಸ ಆಯ್ತು, ರಜಾ ಸಿಕ್ಕಿದ್ರೆ ಬೆಟ್ಟ ಹತ್ತೋದೇ ಜೀವ, ಪರಿಸರ ಸಂಶೋಧನೆಗೆ ಹೋಗ್ಲಾ, ಹೋದ್ರೆ ಓದಿದ್ದೆಲ್ಲ ದಂಡ ಆಗತ್ತಾ ಅಂತ. ಅದಕ್ಕೆ ಅಣ್ಣ ‘ಬೆಟ್ಟ ಹವ್ಯಾಸವಾಗಿರ್ಲಿ, ಕೆಲಸ ಕೆಲಸವಾಗಿರ್ಲಿ’ ಅಂದಿದಾನೆ. ಇಬ್ರಿಗೂ ಸೇರಿಸಿ ಹೇಳ್ತೀನಿ. ಟೈಪ್ ಮಾಡಿ ಮುಗಿಸೋ ಮಾತಲ್ಲ ಇದು, ಅದಕ್ಕೇ ವಾಯ್ಸ್ ಕಳಿಸ್ತಿದೀನಿ. ಉದ್ದ ಆಗತ್ತೆ, ಬಿಡುವಾದಾಗ ಕೂತು ಕೇಳಿ.

ನಾನು ಆರು ವರ್ಷ ಮಳೆನೀರಿನ ಕಾಲುವೆ ಡಿಸೈನ್ ಮಾಡ್ತಿದ್ದೆ, ಗೊತ್ತಲ್ಲ. ದಿನಾ ಬಳಸ್ತಿದ್ದಿದ್ದು ಮ್ಯಾನಿಂಗ್ ಸೂತ್ರ. ಐರ್ಲೆಂಡಿನ ಇಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮುಂದಿಟ್ಟಿದ್ದು. ನೀರಿನ ವೇಗ ಲೆಕ್ಕ ಹಾಕೋಕೆ ಇಳಿಜಾರು ಬೇಕು, ಆಳ ಬೇಕು, ತಳ ಎಷ್ಟು ಒರಟು ಅಂತ ಹೇಳೋ ‘ಎನ್’ ಅನ್ನೋ ಸಂಖ್ಯೆ ಬೇಕು. ನುಣುಪು ಕಾಂಕ್ರೀಟಿಗೆ ಸುಮಾರು 0.013. ನೇರ ಹರಿಯೋ, ಕಸಕಡ್ಡಿ ಇಲ್ಲದ ಹಳ್ಳಕ್ಕೆ 0.03. ಗಿಡ, ಬೇರು, ಬಿದ್ದ ಮರ ತುಂಬಿದ್ರೆ 0.1 ಕೂಡ ದಾಟತ್ತೆ. ಮಿಕ್ಕಿದ್ದೆಲ್ಲ ಹಾಗೇ ಇದ್ದು ಎನ್ ಎರಡು ಪಟ್ಟಾದ್ರೆ ವೇಗ ಅರ್ಧಕ್ಕಿಳಿಯತ್ತೆ. ಹಾಗಾಗಿ ನಮ್ಮ ಪಾಲಿಗೆ ಒರಟು ಅಂದ್ರೆ ಅಡ್ಡಿ. ಅಡ್ಡಿ ತೆಗೆಸೋದು, ನೀರನ್ನ ಬೇಗ ಸಾಗಹಾಕೋದು, ಅಷ್ಟೇ.

ಒಂದ್ಸಲ ಅಂಥದೇ ಹಳ್ಳದ ಸರ್ವೆಗೆ ನೀರಿಗಿಳಿದಿದ್ದೆ. ಕಾಲು ಜಾರ್ತು, ಕಲ್ಲು ಹಿಡ್ಕೊಂಡೆ, ಕಲ್ಲು ಮಗುಚಿಕೊಳ್ತು. ಅದರಡಿಗೆ ಉಗುರಿನಷ್ಟು ಪುಟ್ಟ ಹುಳುಗಳು. ಬಾಲದಲ್ಲಿ ಸಣ್ಣ ಎಳೆಗಳು, ಹೊಟ್ಟೆಯ ಎರಡೂ ಪಕ್ಕ ಕಿವಿರು ಪಟಪಟ ಅಂತ ಅಲ್ಲಾಡ್ತಿದ್ವು. ಮೇಫ್ಲೈ ಅನ್ನೋ ಕೀಟದ ಮರಿಗಳು ಅಂತ ಆಮೇಲೆ ತಿಳೀತು. ನೀರು ಕೆಟ್ಟರೆ ಮೊದಮೊದಲು ಕಾಣೆಯಾಗೋ ಜೀವಿಗಳಲ್ಲಿ ಅವೂ ಸೇರಿವೆ. ನಾನು 0.04 ಅಂತ ಬರೆದಿಟ್ಟಿದ್ದು ಅವುಗಳ ಮನೆನ. ಮುಂದಿನ ತಿಂಗಳು ಆ ಜಾಗಕ್ಕೆ ಕಾಂಕ್ರೀಟ್ ಬೀಳೋದಿತ್ತು. ಡ್ರಾಯಿಂಗಿಗೆ ಸಹಿ ಹಾಕಿದ್ದು ನಾನೇ.

ಆ ಕಾಲುವೆ ಆಯ್ತು. ಅದನ್ನ ನಿಲ್ಲಿಸೋಕೆ ನನ್ನ ಕೈಲಾಗಲಿಲ್ಲ. ಮುಂದಿನ ವರ್ಷ ಕೆಲಸ ಬಿಟ್ಟು ಹಳ್ಳಗಳ ಅಧ್ಯಯನಕ್ಕೆ ಸೇರಿದೆ.

ಓದಿದ್ದು ದಂಡ ಆಗಲ್ಲ ಪುಟ್ಟಿ. ಇಂಗ್ಲೆಂಡಿನ ಗಯ್ ಕ್ಯಾಲೆಂಡರ್ ಉಗಿಯ ಮೇಲೆ ಕೆಲಸ ಮಾಡ್ತಿದ್ದ ಇಂಜಿನಿಯರ್, ಹವಾಮಾನ ಅವರ ಉದ್ಯೋಗವೇ ಅಲ್ಲ. ಬಿಡುವಿನ ವೇಳೆಯಲ್ಲಿ 147 ಹವಾಮಾನ ಕೇಂದ್ರಗಳ ದಾಖಲೆ ಜೋಡಿಸಿ, ಕೈಯಲ್ಲೇ ಲೆಕ್ಕ ಹಾಕಿ, ಭೂಮಿ ಬಿಸಿಯಾಗ್ತಿದೆ, ನಾವು ಸುಡೋ ಇಂಧನದಿಂದ ಬರೋ ಇಂಗಾಲದ ಡೈಆಕ್ಸೈಡಿಗೆ ಅದರಲ್ಲಿ ಪಾಲಿದೆ ಅಂತ 1938ರಲ್ಲಿ ಪ್ರಕಟಿಸಿದ್ರು. ಆಗಿನ ಪರಿಣತರು ಬಹಳ ಜನ ಒಪ್ಪಲಿಲ್ಲ. ಕ್ಯಾಲೆಂಡರ್ ಬಿಡಲೂ ಇಲ್ಲ, ಮುಂದೆ ವರ್ಷಗಟ್ಟಲೆ ಅದೇ ಲೆಕ್ಕ ತಿದ್ದುತ್ತಾ ಹೋದ್ರು.

ನೀನು ಓದಿದ ಹೀಟ್ ಟ್ರಾನ್ಸ್‌ಫರ್, ಅಂದ್ರೆ ಶಾಖ ಹೇಗೆ ಸಾಗತ್ತೆ ಅನ್ನೋ ಪಾಠವೂ ನೇರ ಕೆಲಸಕ್ಕೆ ಬರತ್ತೆ. ದಡದ ಮರ ಕಡಿದ್ರೆ ಹಳ್ಳದ ಮೇಲೆ ಬಿಸಿಲು ಬೀಳತ್ತೆ, ನೀರು ಕಾಯತ್ತೆ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಕೊಳ್ಳತ್ತೆ, 30 ಡಿಗ್ರಿ ಆದ್ರೆ 7.5 ಮಾತ್ರ. ಆ ಹುಳುಗಳು ಉಸಿರಾಡೋದು ಅದನ್ನೇ. ಬಿಸಿಲೆಷ್ಟು ಒಳಗೆ ಬಂತು, ಆವಿಯಾಗಿ ಎಷ್ಟು ಹೋಯ್ತು, ನೆರಳು ಎಷ್ಟು ತಡೀತು, ಈ ಲೆಕ್ಕ ಮಾಡೋರು ನಮಗೆ ಬೇಕು.

ಆದ್ರೆ ಅಣ್ಣನ ಮಾತಲ್ಲೂ ನಿಜ ಇದೆ. ಬೆಟ್ಟ ಹತ್ತೋ ಪ್ರೀತಿಯೇ ಬೇರೆ, ಈ ಕೆಲಸವೇ ಬೇರೆ. ಬೆಟ್ಟದ ತುದಿ ಮುಟ್ಟಿ ನೀನು ವಾಪಸ್ ಬರ್ತೀಯ. ನಾವು ಅದೇ ಹಳ್ಳದ ಅದೇ ತಿರುವಿಗೆ ಮಳೇಲೂ ಬೇಸಿಗೇಲೂ ಹೋಗ್ತೀವಿ. ಅಡ್ಡಕ್ಕೆ ಹಗ್ಗ ಕಟ್ಟಿ, ಅಗಲವನ್ನ ತುಂಡು ತುಂಡಾಗಿ ಭಾಗ ಮಾಡಿ, ಪ್ರತಿ ತುಂಡಲ್ಲೂ ಆಳ ಅಳೆದು, ಮೇಲಿನಿಂದ ಆ ಆಳದ 0.6 ಪಾಲು ಕೆಳಗೆ ವೇಗ ಅಳೆಯೋ ಮೀಟರನ್ನ ಇಳಿಸಿ ಓದ್ತೀವಿ. ಆಮೇಲೆ ವಾರಗಟ್ಟಲೆ ಕಂಪ್ಯೂಟರ್ ಮುಂದೆ. ಒಂದ್ಸಲ ಸೆನ್ಸರಿಗೆ ಪಾಚಿ ಹಿಡಿದು ಎರಡು ತಿಂಗಳ ದಾಖಲೆ ಪೂರ್ತಿ ಹಾಳಾಯ್ತು, ಅತ್ತುಬಿಟ್ಟಿದ್ದೆ. ಮೊದಲ ವರ್ಷ ದಡದ ಒಂದು ಗಿಡದ ಹೆಸರೂ ಬರ್ತಿರಲಿಲ್ಲ, ನನಗಿಂತ ಹತ್ತು ವರ್ಷ ಚಿಕ್ಕವರ ಪಕ್ಕ ಕೂತು ಕಲಿತೆ. ಸಂಬಳವೂ ಇಳೀತು. ಇದೆಲ್ಲ ಗೊತ್ತಿದ್ದೂ ನಾನು ಮತ್ತೆ ಇದನ್ನೇ ಆರಿಸ್ಕೋತೀನಿ.

ರಾಜೀನಾಮೆ ಈಗಲೇ ಬೇಡ. ಮೊದಲು ಕಾಲ್ನಡಿಗೇಲಿ ಸಿಗೋ ಒಂದು ಹಳ್ಳನೋ ಕೆರೆನೋ ಹಿಡಿ. ವಾರಕ್ಕೊಮ್ಮೆ ಅದೇ ಹೊತ್ತಿಗೆ ಹೋಗು. ಒಂದು ಕಲ್ಲಿಗೆ ಗುರುತು ಹಾಕಿ ನೀರಿನ ಮಟ್ಟ ಬರಿ, ಉಷ್ಣತೆ ಬರಿ, ಅದೇ ಜಾಗದಲ್ಲಿ ನಿಂತು ಫೋಟೋ ತೆಗಿ. ಒಂದು ವರ್ಷ ಮಾಡು. ನಲವತ್ತನೇ ವಾರವೂ ಹೋಗ್ಬೇಕು ಅನ್ನಿಸ್ತಿದ್ರೆ ನನಗೆ ಫೋನ್ ಮಾಡು, ಅರ್ಜಿ ಹಾಕೋಕೆ ಜೊತೇಲಿ ಕೂರ್ತೀನಿ.

ಮುಂದಿನ ಭಾನುವಾರ ನಾವು ಅಳತೆಗೆ ಹೋಗ್ತಿದೀವಿ, ನೀನು ಬಾ. ರಬ್ಬರ್ ಬೂಟು ನನ್ನ ಹತ್ರ ಇನ್ನೊಂದು ಜೊತೆ ಇದೆ. ಅಣ್ಣ, ನೀನೂ ಬಾ. ನೀರಲ್ಲಿ ನಿಂತೋರು ಓದಿ ಹೇಳ್ತಾರೆ, ದಡದಲ್ಲಿ ಒಬ್ರು ಬರ್ಕೋಬೇಕು. ನಿನ್ನ ಅಕ್ಷರ ಚೆನ್ನಾಗಿದೆ.