ಪಬ್‌ನ ಮಹಡಿ ಕೋಣೆಯಲ್ಲಿ ಜನಪದ ಗಾಯನ: ನಡೆಸಿದವರು ಹೇಳಿದ್ದು

ಕೇಳಿದವರು: ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಸಣ್ಣ ಊರಿನಲ್ಲಿದ್ದೇನೆ. ನಮ್ಮ ಬೀದಿಯ ಪಬ್‌ನವರು ಮಂಗಳವಾರ ಸಂಜೆ ಮಹಡಿಯ ಕೋಣೆಯನ್ನು ಬಾಡಿಗೆಯಿಲ್ಲದೆ ಕೊಡಲು ಒಪ್ಪಿದ್ದಾರೆ. ಊರಿನ ನಾಲ್ಕೈದು ಹಾಡುಗಾರರು ಸೇರಿ ಜನಪದ ಸಂಗೀತ ಕ್ಲಬ್ ಶುರು ಮಾಡುತ್ತಿದ್ದೇವೆ. ಲೆಕ್ಕಪತ್ರ, ಓಡಾಟ ನನ್ನ ಪಾಲಿಗೆ ಬಂದಿದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಲೀಡ್ಸ್‌ನಿಂದ: ಬಾಡಿಗೆಯಿಲ್ಲ ಎಂದರೆ ಪುಕ್ಕಟೆ ಎಂದುಕೊಳ್ಳಬೇಡಿ. ಆ ಹಣ ಗಲ್ಲಾಪೆಟ್ಟಿಗೆಗೆ ಬೀಳಬೇಕೆಂಬುದು ಪಬ್‌ನವರ ಲೆಕ್ಕ. ಬಂದವರೆಲ್ಲ ನಲ್ಲಿ ನೀರು ಕುಡಿಯುತ್ತ ಕುಳಿತರೆ ಕೋಣೆ ಬೇಗನೆ ಬೇರೆಯವರ ಪಾಲಾಗುತ್ತದೆ. ಆದ್ದರಿಂದ ನಡುವೆ ಇಪ್ಪತ್ತು ನಿಮಿಷವಾದರೂ ವಿರಾಮ ಕೊಡಿ. ಮದ್ಯ ಮುಟ್ಟದವರು ನಿಂಬೆ ಪಾನಕವನ್ನಾದರೂ ಕೊಳ್ಳಲಿ. ಹಾಡುವವರ ಹೆಸರನ್ನು ಬಾಗಿಲಲ್ಲೇ ಬರೆದುಕೊಳ್ಳಿ, ಆದರೆ ಬಂದ ಸಾಲಿನಲ್ಲೇ ಹಾಡಿಸಬೇಡಿ. ವಿರಾಮ ಮುಗಿದ ಕೂಡಲೇ ಗಟ್ಟಿ ಕಂಠದವರನ್ನು ಎಬ್ಬಿಸಿ, ಎಲ್ಲರಿಗೂ ಗೊತ್ತಿರುವ ಪಲ್ಲವಿಯ ಹಾಡನ್ನು ಹಾಡಿಸಿ. ಕೆಳಗೆ ಹರಟುತ್ತಿದ್ದವರು ಲೋಟ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಾರೆ. ಆ ಗದ್ದಲದಲ್ಲಿ ಮೆಲುದನಿಯ ಹೊಸಬರನ್ನು ನಿಲ್ಲಿಸುವುದು ಪಾಪದ ಕೆಲಸ.

ಬ್ರಿಸ್ಟಲ್‌ನಿಂದ: ಪರವಾನಗಿಯ ಬಗ್ಗೆ ಅಷ್ಟೇನೂ ಹೆದರಬೇಕಿಲ್ಲ. 2005ರವರೆಗೆ ಇಂಗ್ಲೆಂಡಿನ ಪಬ್‌ಗಳಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಹಾಡಿದರೆ ಪ್ರತ್ಯೇಕ ಅನುಮತಿ ಬೇಕಾಗಿತ್ತು. ಈಗ 2012ರ ಲೈವ್ ಮ್ಯೂಸಿಕ್ ಕಾಯ್ದೆಯಿದೆ. ಮದ್ಯದ ಪರವಾನಗಿಯಿರುವಲ್ಲಿ ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೆ ಮೈಕ್ ಇಲ್ಲದ ಗಾಯನಕ್ಕೆ ಸಾಮಾನ್ಯವಾಗಿ ಬೇರೆ ಅನುಮತಿ ಬೇಡ. ಹಾಡುಗಳ ಹಕ್ಕಿನ ಶುಲ್ಕಕ್ಕೆ ಪಿಪಿಎಲ್ ಪಿಆರ್‌ಎಸ್ ಎಂಬ ಸಂಸ್ಥೆಯ ಪರವಾನಗಿ ಪಬ್‌ನವರ ಬಳಿ ಇದೆಯೇ ಎಂದು ಮಾತ್ರ ವಿಚಾರಿಸಿ.

ಶೆಫೀಲ್ಡ್‌ನಿಂದ: ಮೈಕ್ ಬೇಡವೇ ಬೇಡ. ನಮ್ಮ ಪಕ್ಕದ ಡಂಗ್‌ವರ್ತ್‌ನಂಥ ಹಳ್ಳಿಗಳ ಪಬ್‌ಗಳಲ್ಲಿ ನವೆಂಬರ್‌ನಿಂದ ಕ್ರಿಸ್‌ಮಸ್‌ವರೆಗೆ ಊರಿನದೇ ಕ್ರಿಸ್‌ಮಸ್ ಹಾಡುಗಳನ್ನು ಕಿಕ್ಕಿರಿದ ಜನ ಹಾಡುತ್ತಾರೆ. ಹಾಡುಗಾರರು ಯಾರು, ಕೇಳುಗರು ಯಾರು ಎಂದು ಹೇಳಲಾಗದು. ವಾರವಾರವೂ ಅತಿಥಿ ಗಾಯಕರನ್ನು ಕರೆಸುವ ಹುಮ್ಮಸ್ಸೂ ಬೇಡ. ತಿಂಗಳಿಗೊಬ್ಬರು ಸಾಕು, ಉಳಿದ ವಾರ ಕೂತವರೇ ಸುತ್ತಿನಲ್ಲಿ ಒಂದೊಂದು ಹಾಡಲಿ. ಅತಿಥಿಯ ಸಂಭಾವನೆಗೆ ಬಾಗಿಲಲ್ಲಿ ಪಡೆದ ಪ್ರವೇಶ ಹಣ ಸಾಲದಿದ್ದರೆ ಲಾಟರಿ ಚೀಟಿ ನೆರವಾಗುತ್ತದೆ. ಬಹುಮಾನಕ್ಕೆ ಒಂದು ವೈನ್ ಬಾಟಲಿ, ಯಾರಿಗೂ ಬೇಡವಾದ ಒಂದು ಬಿಸ್ಕತ್ತಿನ ಡಬ್ಬಿ.

ಕೇಳಿದವರು: ನಾನೂ ಕನ್ನಡದಲ್ಲಿ ಏನಾದರೂ ಹಾಡಬಹುದೇ?

ಲೀಡ್ಸ್‌ನಿಂದ: ಧಾರಾಳವಾಗಿ. ತತ್ವಪದ ಹಾಡಿ. ಪಲ್ಲವಿಯನ್ನು ಎರಡು ಸಲ ಹೇಳಿಕೊಟ್ಟರೆ ದನಿಗೂಡಿಸುತ್ತಾರೆ. ಪಲ್ಲವಿಗೆ ಕಾಯುವ ಅಭ್ಯಾಸ ಅವರಿಗೂ ಇದೆ. ಮೊದಲು ಅರ್ಥ ವಿವರಿಸುತ್ತ ಹತ್ತು ನಿಮಿಷ ಭಾಷಣ ಮಾಡಿದರೆ ಮಾತ್ರ ನಾನು ನಿಮ್ಮ ಪರವಲ್ಲ.

ಬ್ರಿಸ್ಟಲ್‌ನಿಂದ: ಒಂದು ಮಾತು ಬಿಟ್ಟುಹೋಗಿತ್ತು. ಎಷ್ಟೋ ಮಂಗಳವಾರ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಇರುತ್ತದೆ. ಕೆಳಗಿನ ಟಿವಿಯ ಮುಂದೆ ಗೋಲಿಗೆ ಎದ್ದ ಕೂಗು ಮಹಡಿಗೆ ಎಷ್ಟು ಕೇಳಿಸುತ್ತದೆ ಎಂದು, ಒಪ್ಪಿಕೊಳ್ಳುವ ಮುನ್ನ ಪಂದ್ಯದ ರಾತ್ರಿ ಹೋಗಿ ಕುಳಿತು ನೋಡಿ.